ನಿಫಾಡಿನ ಪೆಟ್ಟಿಗೆ ಮತ್ತು ಇಂಗ್ಲಿಷಿನ ಅಡ್ಡಗೆರೆ



ಇವತ್ತಿನ ವಿಷಯ ಬಾನುಲಿಗೆ ಒಗ್ಗುವಂಥದ್ದಲ್ಲ. ಇಂಗ್ಲಿಷ್ ಬರವಣಿಗೆಯಲ್ಲಿ ಬರುವ ಅಡ್ಡಗೆರೆಗಳು, ಅಂದರೆ ಹೈಫನ್ ಮತ್ತು ಡ್ಯಾಷ್, ಇವುಗಳ ಬಗ್ಗೆ ಮಾತಾಡಬೇಕು. ಎರಡೂ ಕಣ್ಣಿನ ಆಸ್ತಿ. ಕಿವಿಗೆ ಅವುಗಳ ಗೊಡವೆ ಇಲ್ಲ ಎಂದೇ ಎಲ್ಲರ ನಂಬಿಕೆ. ಆದರೆ ಇಂಗ್ಲಿಷನ್ನು ಚೆನ್ನಾಗಿ ಆಡುವವರ ಬಾಯಿ ಗಮನಿಸಿ. ಹೈಫನ್ ಇರುವ ಕಡೆ ಎರಡು ಪದಗಳು ಒಂದೇ ಉಸಿರಿನಲ್ಲಿ ಕೂಡಿ ಬರುತ್ತವೆ. ಡ್ಯಾಷ್ ಇರುವ ಕಡೆ ಉಸಿರು ಒಂದು ಗಳಿಗೆ ನಿಲ್ಲುತ್ತದೆ. ಒಂದು ಕೂಡಿಸುತ್ತದೆ, ಇನ್ನೊಂದು ಬಿಡಿಸುತ್ತದೆ. ಒಂದೇ ಥರ ಕಾಣುವ ಎರಡು ಗೆರೆಗಳು ಹೀಗೆ ವಿರುದ್ಧ ಕೆಲಸ ಮಾಡುವುದರಿಂದಲೇ ಗೊಂದಲ ಹುಟ್ಟುವುದು. ಅಚ್ಚಿನಲ್ಲಿ ಓದುವವರಿಗೆ ಗೆರೆ ಕಾಣುತ್ತದೆ. ರೇಡಿಯೋ ಮುಂದೆ ಕೂತವರಿಗೆ ನಾನು ನಿಲ್ಲುವ ಜಾಗದಿಂದ ಅದು ಗೊತ್ತಾಗಬೇಕು.

ವ್ಯಾಕರಣ ಪುಸ್ತಕದ ಉದಾಹರಣೆಗಳನ್ನು ನಾನು ಕೈಬಿಟ್ಟಿದ್ದೇನೆ. ಅವುಗಳಲ್ಲಿ ಯಾವಾಗಲೂ ಒಬ್ಬ ಪ್ರೊಫೆಸರ್, ಒಂದು ನಾಯಿ, ಒಂದು ಸೇಬು. ಅದರ ಬದಲು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿಗೆ ಹೋಗೋಣ. ದೇಶದ ಉಳ್ಳಾಗಡ್ಡಿ ದರ ನಿರ್ಧಾರವಾಗುವ ಲಾಸಲ್‌ಗಾಂವ್ ಮಾರುಕಟ್ಟೆ ಈ ತಾಲ್ಲೂಕಿನಲ್ಲಿದೆ. ದ್ರಾಕ್ಷಿ ಮತ್ತು ಟೊಮ್ಯಾಟೊ ವ್ಯಾಪಾರದ ಪಿಂಪಳಗಾಂವ್ ಬಸವಂತ್ ಇದೆ. ಯುದ್ಧವಿಮಾನ ಕಟ್ಟುವ ಓಝರ್ ಇದೆ. ಗೋಧಿ ಸಂಶೋಧನೆಯ ಕೇಂದ್ರ ಇದೆ. ಮುಂಬೈಯಿಂದ ಭುಸಾವಳದ ಕಡೆ ಹೋಗುವ ರೈಲು ಹಳಿಯೂ ಇಲ್ಲೇ ಹಾಯುತ್ತದೆ. ಹೊಲ, ಸಂತೆ, ಕಾರ್ಖಾನೆ ಮೂರೂ ಇದ್ದ ಮೇಲೆ ಇಂಗ್ಲಿಷ್ ಕಾಗದಪತ್ರ ಇರಲೇಬೇಕು. ನಮ್ಮವರಿಗೂ ಈ ಊರುಗಳು ಹೊಸವಲ್ಲ. ಓಝರಿನ ಕಾರ್ಖಾನೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನದೇ ಶಾಖೆ. ವಿಜಯಪುರ ಸೀಮೆಯ ದ್ರಾಕ್ಷಿ ಬೆಳೆಗಾರರ ಬಾಯಲ್ಲಿ ನಾಸಿಕ್ ಹೆಸರು ಹಂಗಾಮಿಗೊಮ್ಮೆಯಾದರೂ ಬರುತ್ತದೆ.

ಮೊದಲು ದ್ರಾಕ್ಷಿ. ರಫ್ತಿಗೆ ಹೋಗುವ ದ್ರಾಕ್ಷಿಯನ್ನು ಸಾಮಾನ್ಯವಾಗಿ ಐದು ಕಿಲೋ ಆಸುಪಾಸಿನ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬುತ್ತಾರೆ. ಈಗ ಒಂದು ಕಚೇರಿಯಿಂದ ಇಂಗ್ಲಿಷಿನಲ್ಲಿ ಆದೇಶ ಬಂತು ಎಂದುಕೊಳ್ಳಿ: ಟ್ವೆಂಟಿ ಫೈವ್ ಕಿಲೋ ಬಾಕ್ಸಸ್. ಗೆರೆ ಎಲ್ಲಿಯೂ ಇಲ್ಲ. ಎಷ್ಟು ಮಾಲು ಕಳಿಸುತ್ತೀರಿ?

ಮೊದಲ ಪದ ಬಿಟ್ಟು ಫೈವ್ ಮತ್ತು ಕಿಲೋ ನಡುವೆ ಹೈಫನ್ ಇಟ್ಟರೆ, ಟ್ವೆಂಟಿ... ಫೈವ್-ಕಿಲೋ ಬಾಕ್ಸಸ್, ಅಂದರೆ ಐದೈದು ಕಿಲೋದ ಇಪ್ಪತ್ತು ಪೆಟ್ಟಿಗೆ. ಮಾಲು 100 ಕಿಲೋ. ಹೈಫನ್ ಟ್ವೆಂಟಿ ಮತ್ತು ಫೈವ್ ನಡುವೆ ಮಾತ್ರ ಇದ್ದರೆ, ಟ್ವೆಂಟಿ-ಫೈವ್... ಕಿಲೋ ಬಾಕ್ಸಸ್, ಒಂದೊಂದು ಕಿಲೋದ ಇಪ್ಪತ್ತೈದು ಡಬ್ಬಿ. ಮಾಲು 25 ಕಿಲೋ. ಎರಡೂ ಕಡೆ ಹೈಫನ್ ಇದ್ದರೆ, ಟ್ವೆಂಟಿ-ಫೈವ್-ಕಿಲೋ ಬಾಕ್ಸಸ್, ಪ್ರತಿ ಪೆಟ್ಟಿಗೆ ಇಪ್ಪತ್ತೈದು ಕಿಲೋದ್ದು. ಎಷ್ಟು ಪೆಟ್ಟಿಗೆ ಬೇಕು ಎಂಬುದನ್ನು ಗಿರಾಕಿ ಹೇಳಿಯೇ ಇಲ್ಲ. ಪದಗಳು ಅವೇ, ಕ್ರಮವೂ ಅದೇ. ಗೆರೆ ಸರಿದಂತೆ ಲೆಕ್ಕ ಬದಲಾಯಿತು. ನಾನು ಹೈಫನ್ನನ್ನು ಅಲಂಕಾರ ಎನ್ನದೆ ಲೆಕ್ಕಪತ್ರದ ಗುರುತು ಎನ್ನುವುದು ಇದಕ್ಕೇ. ಪಕ್ಕಪಕ್ಕದಲ್ಲಿ ನಿಂತ ಮೂರು ಪದಗಳಲ್ಲಿ ಯಾವುದು ಯಾವುದರ ಬಳಗ ಎಂದು ಅದು ಹೇಳುತ್ತದೆ. ಅದಕ್ಕಿರುವುದು ಅಷ್ಟೇ ಕೆಲಸ.

ಆದರೂ ಇಂಥ ಆದೇಶ ಬರೆಯುವವರಿಗೆ ನನ್ನ ಸಲಹೆ ಬೇರೆಯೇ. ಗೆರೆಯನ್ನು ನಂಬಿ ಕೂರಬೇಡಿ. ಐದು ಕಿಲೋದ ಪೆಟ್ಟಿಗೆ, ಸಂಖ್ಯೆ 20 ಎಂದು ವಾಕ್ಯವನ್ನೇ ಬಿಡಿಸಿ, ಅಂಕಿಗಳಲ್ಲಿ ಬರೆಯಿರಿ. ಮೊಬೈಲ್ ಪರದೆಯಲ್ಲಿ ಹೈಫನ್ ಕಣ್ಣಿಗೆ ಬೀಳದೆ ಹೋಗಬಹುದು. ವಾಕ್ಯವೇ ಸರಿಯಿದ್ದರೆ ಗೆರೆ ಕಳೆದುಹೋದರೂ ಮಾಲು ಸರಿಯಾಗಿ ಹೋಗುತ್ತದೆ.

ಲಾಸಲ್‌ಗಾಂವ್‌ಗೆ ಬನ್ನಿ. ಸ್ಮಾಲ್ ಆನಿಯನ್ ಎಕ್ಸ್‌ಪೋರ್ಟರ್ ಅಂದರೆ ಯಾರು? ಸಣ್ಣ ಉಳ್ಳಾಗಡ್ಡಿಯನ್ನು ರಫ್ತು ಮಾಡುವವನೋ, ಉಳ್ಳಾಗಡ್ಡಿ ರಫ್ತು ಮಾಡುವ ಸಣ್ಣ ವ್ಯಾಪಾರಿಯೋ? ನಮ್ಮ ಕಡೆ ಈ ಪ್ರಶ್ನೆ ಬರೀ ತಮಾಷೆಯದಲ್ಲ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಬೆಂಗಳೂರು ರೋಸ್ ಉಳ್ಳಾಗಡ್ಡಿ ಗಾತ್ರದಲ್ಲಿ ಸಣ್ಣದು, ಖಾರ ಜಾಸ್ತಿ. ಊರಿನ ಸಂತೆಗಿಂತ ಮಲೇಷ್ಯಾ, ಸಿಂಗಪುರದ ಗಿರಾಕಿಗಳೇ ಅದಕ್ಕೆ ಹೆಚ್ಚು. 2015ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ಆ ಮಾಲಿನ ವ್ಯಾಪಾರಿ ಎಷ್ಟೇ ದೊಡ್ಡ ಕುಳವಾದರೂ ಸ್ಮಾಲ್-ಆನಿಯನ್ ಎಕ್ಸ್‌ಪೋರ್ಟರ್. ಹೈಫನ್ ಬಿಟ್ಟರೆ ಪಾಪ, ಆತನೇ ಸಣ್ಣವನಾಗುತ್ತಾನೆ.

ಇನ್ನೊಂದು ಪದಪುಂಜ ದ್ರಾಕ್ಷಿ ರಫ್ತಿನವರ ಬಾಯಲ್ಲಿ ಸದಾ ಇರುತ್ತದೆ: ರೆಸಿಡ್ಯೂ-ಫ್ರೀ ಗ್ರೇಪ್ಸ್. ಕೀಟನಾಶಕ, ಬೆಳವಣಿಗೆ ಚೋದಕಗಳ ಶೇಷ ಇಲ್ಲದ ದ್ರಾಕ್ಷಿ ಎಂದರ್ಥ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಶೇಷ ಸಿಕ್ಕಿತೆಂದು ಯುರೋಪಿನಲ್ಲಿ ನಮ್ಮ ದೇಶದ ದ್ರಾಕ್ಷಿ ತಿರಸ್ಕೃತವಾಗಿ ಬೆಳೆಗಾರರು ಕೈಸುಟ್ಟುಕೊಂಡರು. ಅಲ್ಲಿಂದೀಚೆಗೆ ಈ ಮಾತಿಗೆ ಬಹಳ ಬೆಲೆ. ಹೈಫನ್ ತೆಗೆದು ಓದಿ: ರೆಸಿಡ್ಯೂ... ಫ್ರೀ ಗ್ರೇಪ್ಸ್. ದ್ರಾಕ್ಷಿ ಪುಕ್ಕಟೆ ಎಂದಾಗುತ್ತದೆ! ಹಾಗಂತ ಯಾವ ಗಿರಾಕಿಯೂ ಪುಕ್ಕಟೆ ಕೇಳುವುದಿಲ್ಲ ಬಿಡಿ. ಓದುವಾಗ ಒಮ್ಮೆ ತಡವರಿಸಿ ಹಿಂದಕ್ಕೆ ಹೋಗಿ ಮತ್ತೆ ಓದುತ್ತಾನೆ. ಆ ತಡವರಿಕೆಯನ್ನು ತಪ್ಪಿಸಿದರೆ ಸಾಕು.

ಈ ಎಲ್ಲ ಉದಾಹರಣೆಗಳಲ್ಲಿ ಕೂಡಿದ ಪದಗಳು ನಾಮಪದಕ್ಕೆ ಮೊದಲು ಬಂದು ಅದನ್ನು ಬಣ್ಣಿಸುತ್ತಿವೆ. ಅದೇ ಪದಗಳು ನಾಮಪದ ಮುಗಿದ ಮೇಲೆ ಬಂದರೆ ಹೈಫನ್ ಸಾಮಾನ್ಯವಾಗಿ ಬೇಕಿಲ್ಲ. ವೆಲ್-ನೋನ್ ರೈಟರ್ ಎನ್ನುವಾಗ ಗೆರೆ ಇರಲಿ. ದ ರೈಟರ್ ಈಸ್ ವೆಲ್ ನೋನ್ ಎನ್ನುವಾಗ ಬೇಡ. ಎಲ್-ವೈ ಇಂದ ಮುಗಿಯುವ ಕ್ರಿಯಾವಿಶೇಷಣ ಬಂದರೆ, ಉದಾಹರಣೆಗೆ ಹೈಲಿ ಸ್ಕಿಲ್ಡ್ ವರ್ಕರ್, ಮೊದಲಲ್ಲಿದ್ದರೂ ಬೇಡ. ಹೈಲಿ ಎಂಬ ಪದ ತಾನಾಗಿಯೇ ಮುಂದಿನ ಪದಕ್ಕೆ ಅಂಟಿಕೊಳ್ಳುತ್ತದೆ, ಯಾರೂ ಹೈಲಿ ವರ್ಕರ್ ಎಂದು ಓದುವುದಿಲ್ಲ. ನಮ್ಮ ಪಂಚವಾರ್ಷಿಕ ಯೋಜನೆಗಳ ವರದಿಗಳ ಮುಖಪುಟದಲ್ಲಿ ಫೈವ್ ಇಯರ್ ಪ್ಲಾನ್ ಎಂದು ಹೈಫನ್ ಇಲ್ಲದೆಯೇ ಅಚ್ಚಾಗುತ್ತಿತ್ತು. ನಿಯಮ ಹಿಡಿದು ನೋಡಿದರೆ ಇರಬೇಕಿತ್ತು. ಆದರೆ ಒಂದೊಂದು ವರ್ಷದ ಐದು ಯೋಜನೆ ಎಂದು ಯಾರೂ ತಪ್ಪು ತಿಳಿಯಲಿಲ್ಲ, ಲೋಕ ನಡೆಯಿತು. ಅಲ್ಲಿ ಕೆಂಪು ಶಾಯಿ ಹಿಡಿದು ಕೂರುವ ಮೇಷ್ಟ್ರುಗಳ ಪಂಗಡಕ್ಕೆ ನಾನು ಸೇರಿದವನಲ್ಲ.

ಕಿವಿಗೂ ಸ್ಪಷ್ಟವಾಗಿ ಕೇಳುವ ಹೈಫನ್ ಒಂದಿದೆ. ಗುತ್ತಿಗೆಯ ಮೇಲೆ ಕೆಲಸಕ್ಕಿರುವ ಹುಡುಗನೊಬ್ಬ ಮೇಲಧಿಕಾರಿಗೆ ಪತ್ರ ಬರೆಯುತ್ತಾನೆ: ಗುತ್ತಿಗೆಗೆ ಮತ್ತೆ ಸಹಿ ಮಾಡಲು ನಾನು ಸಿದ್ಧ. ಮತ್ತೆ ಸಹಿ ಮಾಡುವುದು ರೀ-ಸೈನ್. ಆರ್-ಇ ಆದ ಮೇಲೆ ಹೈಫನ್. ಅದನ್ನು ಬಿಟ್ಟರೆ ಅದು ರಿಝೈನ್, ರಾಜೀನಾಮೆ! ಉಳಿಯಲು ಬರೆದ ಪತ್ರ ಹೊರಡಲು ಬರೆದ ಪತ್ರವಾಗುತ್ತದೆ. ದಿಂಬಿಗೆ ಹೊಸ ಗವಸು ಹೊಲಿಸುವುದು ರೀ-ಕವರ್, ಕಾಯಿಲೆಯಿಂದ ಚೇತರಿಸುವುದು ರಿಕವರ್. ಇಂಥ ಜೋಡಿಗಳು ಇಂಗ್ಲಿಷಿನಲ್ಲಿ ಕೆಲವೇ ಇವೆ, ಆದರೆ ಪೆಟ್ಟು ಜೋರು.

ನಿಫಾಡ್ ಭಾಗದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳು, ಪತ್ತಿನ ಸಂಘಗಳು ಬಹಳ. ಸಹಕಾರಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಕೋ-ಆಪರೇಟಿವ್. ಹೈಫನ್ ಬೇಕೇ, ಬೇಡವೇ? ಎರಡು ಓ ಅಕ್ಷರ ಒಟ್ಟಿಗೆ ನಿಂತರೆ ಓದುವವನು ಕೂಪ್, ಅಂದರೆ ಕೋಳಿಗೂಡು ಎಂದುಕೊಂಡಾನು ಎಂಬ ಹೆದರಿಕೆಯಿಂದ ಹಳಬರು ಗೆರೆ ಹಾಕಿದರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಹೆಸರಲ್ಲಿ ಆ ಗೆರೆ ಇದೆ. ಆ ಕಾಯ್ದೆಯಡಿ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಂಘ ಕಟ್ಟಿದರು. ಕರ್ನಾಟಕದ 1959ರ ಕಾಯ್ದೆ, ಮಹಾರಾಷ್ಟ್ರದ 1960ರ ಕಾಯ್ದೆ ಎರಡರಲ್ಲೂ ಗೆರೆ ಮುಂದುವರಿದಿದೆ. ಇತ್ತ ನಿಘಂಟುಗಳು ಬೇರೆ ದಾರಿ ಹಿಡಿದವು. ಹಿಂದೆ ಟು-ಡೇ, ಟು-ಮಾರೋ ಎಂದು ಅಚ್ಚಾಗುತ್ತಿದ್ದವು ಈಗ ಒಂದೇ ಪದ. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೆಯ ಆವೃತ್ತಿ ಬಂದಾಗ ಸುಮಾರು 16,000 ಪದಗಳ ಹೈಫನ್ ಉದುರಿಹೋಗಿತ್ತು. ಐಸ್-ಕ್ರೀಮ್ ಬಿಡಿ ಬಿಡಿಯಾಯಿತು, ಬಂಬಲ್-ಬೀ ಒಂದಾಯಿತು. ಪದ ಹಳತಾದಷ್ಟೂ ಹೈಫನ್ ಸವೆಯುತ್ತದೆ. ಈ-ಮೇಲ್ ಎಷ್ಟು ಬೇಗ ಈಮೇಲ್ ಆಯಿತು ನೋಡಿ. ಹೀಗಾಗಿ ಸಂಘದ ನೋಂದಾಯಿತ ಹೆಸರು ಬರೆಯುವಾಗ ಬೋರ್ಡಿನಲ್ಲಿ, ಕಾಯ್ದೆಯಲ್ಲಿ ಇದ್ದಂತೆ ಬರೆಯಿರಿ. ನಿಮ್ಮದೇ ಮಾತಿನಲ್ಲಿ ಬರೆಯುವಾಗ ಎರಡರಲ್ಲಿ ಯಾವುದಾದರೂ ಸರಿ, ಆದರೆ ಒಂದೇ ಪತ್ರದಲ್ಲಿ ಎರಡೂ ಬೇಡ.

ಹೆಸರಿನ ಮಾತು ಬಂದಾಗ ಓಝರ್ ನೆನಪಾಗಲೇಬೇಕು. 1964ರಲ್ಲಿ ಅಲ್ಲಿ ಮಿಗ್-21 ವಿಮಾನಕ್ಕಾಗಿ ಕಾರ್ಖಾನೆ ಶುರುವಾಯಿತು. ಆ ಪೀಳಿಗೆಯ ಕೊನೆಯ ಮಿಗ್-21ಗಳನ್ನು ವಾಯುಪಡೆ 2025ರ ಸೆಪ್ಟೆಂಬರಿನಲ್ಲಿ ಬೀಳ್ಕೊಟ್ಟಿತು. ಮಿಗ್ ಎಂಬ ಹೆಸರಿನಲ್ಲಿ ಇಬ್ಬರು ವಿಮಾನ ವಿನ್ಯಾಸಕರಿದ್ದಾರೆ: ಆರ್ಟೆಮ್ ಮಿಕೋಯಾನ್, ಮಿಖಾಯಿಲ್ ಗುರೆವಿಚ್. ನಡುವಿನ ಸಣ್ಣ ಐ ಅಕ್ಷರ ರಷ್ಯನ್ ಭಾಷೆಯ ‘ಮತ್ತು’. ಇಬ್ಬರನ್ನು ಜೋಡಿಸುವ ಕೆಲಸ ಅಕ್ಷರವೇ ಮಾಡಿದೆ. ಹೈಫನ್ ಬರುವುದು ಅಂಕಿಗೆ ಮೊದಲು. ಅದೇ ಶೆಡ್ಡುಗಳಲ್ಲಿ 2004ರಿಂದ ತಯಾರಾದ ಸುಖೋಯ್ ವಿಮಾನದ ಹೆಸರು ಸು-30ಎಂಕೆಐ. ಸು ಮತ್ತು 30ರ ನಡುವೆ ಗೆರೆ ಇದೆ, 30 ಮತ್ತು ಎಂಕೆಐ ನಡುವೆ ಇಲ್ಲ. 2025ರ ಅಕ್ಟೋಬರಿನಲ್ಲಿ ಓಝರಿನಿಂದ ಮೊದಲ ತೇಜಸ್ ಹಾರಿತು. ಅದನ್ನು ಎಚ್‌ಎಎಲ್ ಮಾರ್ಕ್ 1ಎ ಎಂದು ಗೆರೆಯಿಲ್ಲದೆ ಬರೆಯುತ್ತದೆ, ಪತ್ರಿಕೆಗಳು ಎಷ್ಟೋ ಸಲ ತಾವಾಗಿ ಒಂದು ಗೆರೆ ಸೇರಿಸುತ್ತವೆ. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಟಿ-2, ಎಚ್‌ಎಫ್-24 ಮರುತ್, ಎಚ್‌ಟಿಟಿ-40 ಇವೆಲ್ಲಕ್ಕೂ ಗೆರೆ ಉಂಟು. ಇದರಲ್ಲಿ ತರ್ಕ ಹುಡುಕಬೇಡಿ. ಮಗುವಿಗೆ ಹೆಸರಿಟ್ಟವರು ಹೇಗೆ ಬರೆದರೋ ಹಾಗೆ. ಗೋಧಿ ತಳಿಗಳದ್ದೂ ಇದೇ ಕಥೆ. ನಿಫಾಡಿನ ಕೇಂದ್ರದಿಂದ ಬಂದ ತ್ರ್ಯಂಬಕ್ ತಳಿಯ ಸಂಕೇತ ಎನ್‌ಐಎಡಬ್ಲ್ಯೂ 301. ಚೀಲದ ಮೇಲೆ ಒಮ್ಮೆ ಗೆರೆ ಇರುತ್ತದೆ, ಒಮ್ಮೆ ಇರುವುದಿಲ್ಲ. ನಮ್ಮ ಧಾರವಾಡದ ಡಿಡಿಕೆ-1025 ಗೋಧಿ, ಬೆಂಗಳೂರಿನ ಜಿಪಿಯು-28 ರಾಗಿಗಳಿಗೂ ಹಾಗೆಯೇ. ರೈತ ಅಂಕಿ ನೋಡುತ್ತಾನೆ, ಗೆರೆಯನ್ನಲ್ಲ. ಅವನ ಮಟ್ಟಿಗೆ ಅದು ಸರಿಯೇ.

ಇನ್ನು ಡ್ಯಾಷ್. ಅಚ್ಚಿನ ಮನೆಯವರ ಲೆಕ್ಕದಲ್ಲಿ ಡ್ಯಾಷ್ ಎರಡು. ಎಮ್ ಡ್ಯಾಷ್ ಉದ್ದದ್ದು, ಎನ್ ಡ್ಯಾಷ್ ಅದರ ಅರ್ಧ. ಹೈಫನ್ ಎರಡಕ್ಕಿಂತ ಚಿಕ್ಕದು.

ನಡುವಿನದಾದ ಎನ್ ಡ್ಯಾಷ್‌ನ ಮುಖ್ಯ ಕೆಲಸ ‘ಇಲ್ಲಿಂದ ಅಲ್ಲಿಯವರೆಗೆ’ ಎನ್ನುವುದು. ನಿಫಾಡಿನಲ್ಲೇ ಹುಟ್ಟಿದ ಮಹಾದೇವ ಗೋವಿಂದ ರಾನಡೆಯವರ ಜೀವಿತಾವಧಿ 1842–1901 ಎಂದು ಬರೆಯುವಾಗ ನಡುವೆ ಬರಬೇಕಾದದ್ದು ಅದು. ರಾನಡೆ ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿ, ಗೋಖಲೆಯವರ ಗುರು. ಕೆಲಕಾಲ ಸರ್ಕಾರದ ಮರಾಠಿ ಅನುವಾದಕರೂ ಆಗಿದ್ದರು. ಅವರ ಎಳವೆಯ ಕಾಲದಲ್ಲೇ ಪುಣೆಯಲ್ಲಿ ಮೇಜರ್ ಥಾಮಸ್ ಕ್ಯಾಂಡಿ ಇಂಗ್ಲಿಷಿನ ವಿರಾಮಚಿಹ್ನೆಗಳನ್ನು ಮರಾಠಿಗೆ ರೂಢಿಸಿದರು. ಹಳೆಯ ಮೋಡಿ ಲಿಪಿಯ ಕಡತಗಳಲ್ಲಿ, ನಮ್ಮ ಕಡೆಯ ಓಲೆಗರಿಗಳಲ್ಲಿ ಇವು ಒಂದೂ ಇರಲಿಲ್ಲ. ಕನ್ನಡಕ್ಕೂ ಇವು ಬಂದದ್ದು ಹತ್ತೊಂಬತ್ತನೆಯ ಶತಮಾನದ ಅಚ್ಚುಕೂಟಗಳ ಬಾಗಿಲಿನಿಂದಲೇ.

ಎನ್ ಡ್ಯಾಷ್ ಬಳಸುವಾಗ ಒಂದು ತಪ್ಪು ಬಹಳ ಕಾಣುತ್ತದೆ. ಫ್ರಮ್ 1842–1901 ಎಂದು ಬರೆಯುತ್ತಾರೆ. ಫ್ರಮ್ ಬಂದರೆ ಅದರ ಜೊತೆಗೆ ಟು ಬರಬೇಕು, ಬಿಟ್ವೀನ್ ಬಂದರೆ ಆಂಡ್ ಬರಬೇಕು. ಪದ ಒಂದು ಕಡೆ, ಗೆರೆ ಇನ್ನೊಂದು ಕಡೆ ಎಂದು ಸಂಸಾರ ನಡೆಸಲಾಗದು.

ಗೆರೆ ಅಪಾಯ ತರುವುದು ನಿಫಾಡಿನ ಚಳಿಯಲ್ಲಿ. ಮಹಾರಾಷ್ಟ್ರದ ಅತಿ ಕಡಿಮೆ ತಾಪಮಾನ ಎಂದು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುವ ಹೆಸರು ಪದೇ ಪದೇ ನಿಫಾಡಿನದೇ. ಪಾದರಸ ಶೂನ್ಯದ ಹತ್ತಿರಕ್ಕೆ ಇಳಿದ ರಾತ್ರಿಗಳಲ್ಲಿ ದ್ರಾಕ್ಷಿ ಬೆಳೆಗಾರರು ತೋಟದಲ್ಲಿ ಅಲ್ಲಲ್ಲಿ ಬೆಂಕಿ ಹಾಕಿ ಹೊಗೆ ಎಬ್ಬಿಸುತ್ತಾರೆ. ಈಗ ಒಂದು ಪಟ್ಟಿಯಲ್ಲಿ ಎರಡು ಅಂಕಿಗಳ ಹಿಂದೆ, ನಡುವೆ ಎರಡು ಕಡೆ ಒಂದೇ ಥರದ ಗೆರೆ ಹಾಕಿ -2-4 ಎಂದು ಬರೆದರೆ ಏನರ್ಥ? ಮೈನಸ್ ಎರಡರಿಂದ ನಾಲ್ಕರವರೆಗೋ, ಮೈನಸ್ ಎರಡರಿಂದ ಮೈನಸ್ ನಾಲ್ಕೋ? ಮಾಹಿತಿ ಇಲ್ಲದ ಜಾಗದಲ್ಲೂ ಕೆಲವರು ಒಂದು ಗೆರೆ ಎಳೆದು ಬಿಡುತ್ತಾರೆ. ಋಣ ಚಿಹ್ನೆಗೆ ಕಂಪ್ಯೂಟರಿನಲ್ಲಿ ಬೇರೆಯೇ ಅಕ್ಷರ ಉಂಟು, ಆದರೆ ಅದನ್ನು ಯಾರು ಹುಡುಕುತ್ತಾರೆ? ಶೂನ್ಯದ ಕೆಳಗಿನ ಲೆಕ್ಕ ಬಂದಾಗ ಗೆರೆಯನ್ನು ಪೂರಾ ಬಿಟ್ಟು ‘ಮೈನಸ್ ಟು ಟು ಫೋರ್’ ಎಂದು ಪದದಲ್ಲಿ ಬರೆಯಿರಿ. ಅದೂ ಕೇಳಲು ಚೆನ್ನಾಗಿಲ್ಲ ಎನಿಸಿದರೆ ಕನಿಷ್ಠ, ಗರಿಷ್ಠ ಎಂದು ಎರಡು ಕಾಲಂ ಮಾಡಿ.

ಎನ್ ಡ್ಯಾಷ್‌ಗೆ ಇನ್ನೊಂದು ಕೆಲಸವಿದೆ: ಸಮಾನರಾದ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸುವುದು. ಹುಬ್ಬಳ್ಳಿ ಮತ್ತು ಧಾರವಾಡವನ್ನು ಜೋಡಿಸುವಾಗ ಪುಸ್ತಕದ ನಿಯಮದಂತೆ ಇದೇ ಬರಬೇಕು, ಯಾಕೆಂದರೆ ಅವೆರಡರಲ್ಲಿ ಒಂದು ಇನ್ನೊಂದರ ವಿಶೇಷಣವಲ್ಲ. ಹಾಗೆಂದರೆ ಎರಡೂ ಊರಿನವರು ಒಪ್ಪುತ್ತಾರೋ ಇಲ್ಲವೋ ಬೇರೆ ಮಾತು. 1962ರಲ್ಲಿ ಅವಳಿ ನಗರಕ್ಕೆ ಒಂದೇ ಪಾಲಿಕೆ ಆಯಿತು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿತು. ಇತ್ತ ಬಾಂಬೆ-ಕರ್ನಾಟಕ, ಹೈದರಾಬಾದ್-ಕರ್ನಾಟಕಗಳನ್ನು ನೋಡಿ. ಇಲ್ಲಿ ಬೇಕಾದದ್ದು ಹೈಫನ್ನೇ. ಬಾಂಬೆ ಆಳ್ವಿಕೆಯಲ್ಲಿದ್ದ ಕರ್ನಾಟಕ, ಹೈದರಾಬಾದಿನ ಕೈಯಲ್ಲಿದ್ದ ಕರ್ನಾಟಕ ಎಂದು ಮೊದಲ ಪದ ಎರಡನೆಯದನ್ನು ಹಿಡಿದುಕೊಂಡಿದೆ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರಗಳೂ ನಿಫಾಡೂ ಒಂದೇ ಮುಂಬೈ ರಾಜ್ಯದಲ್ಲಿದ್ದವು. 2019ರಲ್ಲಿ ಕಲ್ಯಾಣ ಕರ್ನಾಟಕ, 2021ರಲ್ಲಿ ಕಿತ್ತೂರು ಕರ್ನಾಟಕ ಎಂಬ ಹೆಸರು ಬಂದಾಗ ಹಳೆಯ ಒಡೆಯರ ಹೆಸರಿನ ಜೊತೆ ಆ ಗೆರೆಯೂ ಹೋಯಿತು. ಗೆರೆಗಾಗಿ ಜನ ಜಗಳಾಡುವುದಿಲ್ಲ ಎನ್ನಬೇಡಿ. 1990ರಲ್ಲಿ ಚೆಕೊಸ್ಲೊವಾಕಿಯಾದ ಹೆಸರಿನ ನಡುವೆ ಹೈಫನ್ ಬೇಕೆಂದು ಸ್ಲೊವಾಕರು ಪಟ್ಟು ಹಿಡಿದರು, ಚೆಕ್ ಜನ ಬೇಡವೆಂದರು. ಪತ್ರಿಕೆಗಳು ಅದನ್ನು ಹೈಫನ್ ಯುದ್ಧ ಎಂದೇ ಕರೆದವು. 1993ರ ಜನವರಿ ಒಂದರಂದು ಅವು ಎರಡು ದೇಶಗಳಾದವು.

ಎಮ್ ಡ್ಯಾಷ್ ಉದ್ದ ಗೆರೆ, ಉಸಿರಿನ ಗೆರೆ. ವಾಕ್ಯದ ನಡುವೆ ಬೇರೆ ಮಾತು ನುಗ್ಗಿದಾಗ ಅದನ್ನು ಎರಡು ಬದಿಯಲ್ಲಿ ಕಟ್ಟುವುದಕ್ಕೆ, ಮಾತು ಥಟ್ಟನೆ ತಿರುಗಿದಾಗ, ಮಾತಾಡುತ್ತಿದ್ದವನ ಬಾಯಿಯನ್ನು ಇನ್ನೊಬ್ಬ ಕಟ್ಟಿದಾಗ ಬಳಸುವುದು. ಅಮೆರಿಕದವರು ಆಚೀಚೆ ಜಾಗ ಬಿಡದೆ ಉದ್ದ ಗೆರೆ ಎಳೆಯುತ್ತಾರೆ. ಬ್ರಿಟನ್ನಿನ ಹಲವು ಪ್ರಕಾಶಕರು ಅದೇ ಕೆಲಸಕ್ಕೆ ಚಿಕ್ಕ ಎನ್ ಡ್ಯಾಷನ್ನು ಆಚೀಚೆ ಜಾಗ ಬಿಟ್ಟು ಬಳಸುತ್ತಾರೆ. ಎರಡೂ ಸರಿ. ನಡುವೆ ನುಗ್ಗಿದ ಮಾತಿಗೆ ಪರೀಕ್ಷೆ ಒಂದೇ: ಎರಡು ಗೆರೆಗಳ ನಡುವಿನದನ್ನು ತೆಗೆದುಹಾಕಿ ಓದಿ. ಉಳಿದ ವಾಕ್ಯ ನೆಟ್ಟಗೆ ನಿಂತರೆ ಸರಿ, ಕುಸಿದರೆ ತಪ್ಪು. ತೆರೆದ ಗೆರೆಯನ್ನು ಮುಚ್ಚದೆ ಪೂರ್ಣವಿರಾಮಕ್ಕೆ ಓಡುವವರೇ ಹೆಚ್ಚು.

ನಮ್ಮ ಪೀಳಿಗೆಯವರಿಗೆ ಈ ಗೆರೆಗಳ ಭೇದ ಗೊತ್ತಾಗದೆ ಹೋದದ್ದಕ್ಕೆ ಟೈಪ್‌ರೈಟರ್ ಕಾರಣ. 1955ರಲ್ಲಿ ಗೋದ್ರೆಜ್ ದೇಶೀ ಟೈಪ್‌ರೈಟರ್ ತಯಾರಿಸಿದ ಮೇಲೆ ತಾಲ್ಲೂಕು ಕಚೇರಿಗಳ ಮೆಟ್ಟಿಲಿನ ತನಕ ಅದರ ಟಕಟಕ ಹಬ್ಬಿತು. ಅದರಲ್ಲಿ ಅಡ್ಡಗೆರೆಗೆ ಇದ್ದದ್ದು ಒಂದೇ ಕೀಲಿ. ಅದೇ ಹೈಫನ್, ಅದೇ ಮೈನಸ್, ಎರಡು ಸಲ ಒತ್ತಿದರೆ ಅದೇ ಡ್ಯಾಷ್. ಕಂಪ್ಯೂಟರ್ ಬಂದಾಗಲೂ ಕೀಲಿಮಣೆಯಲ್ಲಿ ಅದೊಂದೇ ಕೀಲಿ ಮುಂದುವರಿಯಿತು. ಇನ್ನೊಂದು ಪಳೆಯುಳಿಕೆ ಕಾನೂನು ಪುಸ್ತಕಗಳಲ್ಲಿದೆ: ಕೋಲನ್ ಹಾಕಿ ಅದರ ಬೆನ್ನಿಗೇ ಡ್ಯಾಷ್. ನೇಮ್ಲಿ ಎಂದ ಮೇಲೆ ಈ ಜೋಡಿ ಬ್ರಿಟಿಷರ ಕಾಲದಿಂದ ನಮ್ಮ ಕಾಯ್ದೆಗಳಲ್ಲಿ, ಸಂವಿಧಾನದಲ್ಲಿ ಉಳಿದುಬಂದಿದೆ. ಕನ್ನಡದ ಸರ್ಕಾರಿ ಸುತ್ತೋಲೆಗಳಲ್ಲಿ ‘ಈ ಕೆಳಕಂಡಂತೆ’ ಎಂದ ಮೇಲೂ ಅದೇ. ನ್ಯಾಯಾಲಯಕ್ಕೆ ಬರೆಯುವವರು ಇಟ್ಟುಕೊಳ್ಳಲಿ. ನೀವು ಉಳ್ಳಾಗಡ್ಡಿ ವ್ಯಾಪಾರಿಗೆ ಬರೆಯುವ ಪತ್ರದಲ್ಲಿ ಕೋಲನ್ ಒಂದೇ ಸಾಕು.

ಈಚೆಗೆ ಉದ್ದ ಡ್ಯಾಷ್‌ಗೆ ಕೆಟ್ಟ ಹೆಸರು ಬಂದಿದೆ. ಪತ್ರದಲ್ಲಿ ನಾಲ್ಕು ಕಡೆ ಅದು ಕಂಡರೆ ಯಂತ್ರ ಬರೆದುಕೊಟ್ಟದ್ದು ಎಂದು ಜನ ಗುಮಾನಿಪಡುತ್ತಾರೆ. ಪಾಪದ ಗೆರೆ! ಲಾರೆನ್ಸ್ ಸ್ಟರ್ನ್ 1759ರಲ್ಲಿ ಶುರುಮಾಡಿದ ಟ್ರಿಸ್ಟ್ರಮ್ ಶಾಂಡಿ ಕಾದಂಬರಿಯ ಪುಟ ಪುಟಗಳಲ್ಲಿ ಅದು ಓಡಾಡುತ್ತದೆ. ಎಮಿಲಿ ಡಿಕಿನ್ಸನ್ ಕವನಗಳಲ್ಲಿ ಬೇರೆ ವಿರಾಮಚಿಹ್ನೆಗಿಂತ ಅದೇ ಹೆಚ್ಚು. ಗುಮಾನಿಗೆ ಹೆದರಿ ಬಿಡಬೇಕಿಲ್ಲ. ಆದರೆ ಎಲ್ಲಿ ಅಲ್ಪವಿರಾಮ ಸಾಲುತ್ತದೋ ಅಲ್ಲಿ ಡ್ಯಾಷ್ ಎಳೆಯುವುದು ಸೋಮಾರಿತನ. ಆದ್ದರಿಂದ, ಆದರೂ, ಯಾಕೆಂದರೆ ಎಂಬ ಮೂರರಲ್ಲಿ ಯಾವ ಸಂಬಂಧ ಎಂದು ಯೋಚಿಸುವ ಕಷ್ಟ ತಪ್ಪಿಸಿಕೊಳ್ಳಲು ನಾವು ಅದನ್ನು ಎಳೆಯುತ್ತೇವೆ.

ಕೊನೆಗೆ ಕೈಗೆ ಸಿಗುವ ಉಪಾಯ. ಮೊಬೈಲಿನಲ್ಲಿ ಹೈಫನ್ ಕೀಲಿಯನ್ನು ಒತ್ತಿ ಹಿಡಿದರೆ ಮೇಲೆ ಎರಡು ಡ್ಯಾಷ್‌ಗಳೂ ಕಾಣುತ್ತವೆ. ಬೆರಳು ಜಾರಿಸಿ ಆರಿಸಿಕೊಳ್ಳಿ. ವಿಂಡೋಸ್ ಕಂಪ್ಯೂಟರಿನ ವರ್ಡ್‌ನಲ್ಲಿ ಕಂಟ್ರೋಲ್ ಒತ್ತಿ ಬಲಬದಿಯ ಅಂಕಿಫಲಕದ ಮೈನಸ್ ಒತ್ತಿದರೆ ಎನ್ ಡ್ಯಾಷ್, ಅದರ ಜೊತೆಗೆ ಆಲ್ಟ್ ಕೂಡ ಒತ್ತಿದರೆ ಎಮ್ ಡ್ಯಾಷ್. ಸು-30 ಎಂಬ ಹೆಸರು ಸಾಲಿನ ಕೊನೆಯಲ್ಲಿ ತುಂಡಾಗಿ ಸು ಮೇಲೆ, 30 ಕೆಳಗೆ ಬೀಳುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಹೈಫನ್ ಮೂರನ್ನೂ ಒಟ್ಟಿಗೆ ಒತ್ತಿ. ಆ ಹೈಫನ್ ಮುರಿಯುವುದಿಲ್ಲ. ಸಾಲಿನ ಕೊನೆಯಲ್ಲಿ ಪದಗಳನ್ನು ನೀವೇ ಕೈಯಾರೆ ಒಡೆಯುವ ಕೆಲಸಕ್ಕೆ ಹೋಗಬೇಡಿ. ಲೆಜೆಂಡ್ ಎಂಬುದನ್ನು ತಪ್ಪು ಜಾಗದಲ್ಲಿ ಒಡೆದರೆ ಮೇಲಿನ ಸಾಲಿನಲ್ಲಿ ಲೆಗ್, ಕೆಳಗಿನ ಸಾಲಿನಲ್ಲಿ ಎಂಡ್ ಉಳಿದು, ದಂತಕಥೆ ಹೋಗಿ ಕಾಲಿನ ತುದಿಯಾಗುತ್ತದೆ.